ಒಂದು ಸಹಿಯ ಭಾರ

ಕೆಲವು ವರ್ಷಗಳ ಹಿಂದಿನ ಮಾತು. ಮಲೆನಾಡಿನಲ್ಲಿ ಅಡಿಕೆ ಸುಲಿಯುವ ಕಾಲ. ಕವಲೇದುರ್ಗದ ಕೋಟೆಗೆ ಹೋಗುವ ದಾರಿಯ ಬದಿಯ ಒಂದು ಮನೆಯಲ್ಲಿ ಸಂಜೆಯ ಹೊತ್ತು ಹೆಂಗಸರೆಲ್ಲ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದರು. ಇನ್ನೂ ಎರಡು ವರ್ಷ ತುಂಬದ ಮಗು ಅಜ್ಜಿಯ ಪಕ್ಕದಲ್ಲಿ ಆಡುತ್ತಿತ್ತು. ಇದ್ದಕ್ಕಿದ್ದಂತೆ ಅದಕ್ಕೆ ಕೆಮ್ಮು ಹತ್ತಿತು, ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಅಜ್ಜಿ ಬೆನ್ನು ತಟ್ಟಿದರು. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು, ಮಗು ಮತ್ತೆ ಆಟಕ್ಕಿಳಿಯಿತು. ಎಲ್ಲರೂ ಮರೆತರು.

ನಾಲ್ಕು ದಿನದ ಮೇಲೆ ಜ್ವರ, ಕೆಮ್ಮು. ಔಷಧಿ ಕುಡಿಸಿದರೆ ಇಳಿಯುವುದು, ಮತ್ತೆ ಬರುವುದು. ಹೀಗೆ ಮೂರು ವಾರ. ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. ಕೊನೆಗೆ ಒಬ್ಬ ವೈದ್ಯರು ಎದೆಗೆ ಸ್ಟೆಥಾಸ್ಕೋಪ್ ಇಟ್ಟು, ಒಂದು ಬದಿಯಲ್ಲಿ ಉಸಿರಿನ ಸದ್ದು ಕಡಿಮೆಯಿದೆ ಎಂದು ಗುರುತಿಸಿ, ಅದುವರೆಗೆ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು: “ಮಗು ಏನಾದರೂ ಬಾಯಿಗೆ ಹಾಕಿಕೊಂಡಾಗ ಕೆಮ್ಮು ಹತ್ತಿತ್ತೇ?” ಅಜ್ಜಿಗೆ ಆ ಸಂಜೆ ನೆನಪಾಯಿತು. ಅವರು ಅಲ್ಲೇ ಕುಸಿದು ಕುಳಿತರು.

ಘಟ್ಟ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋಗುವಾಗ ಜೊತೆಗೆ ನಾನೂ ಇದ್ದೆ. ಮಗುವಿಗೆ ಬ್ರಾಂಕೋಸ್ಕೋಪಿ ಮಾಡಬೇಕು, ಅಂದರೆ ಅರಿವಳಿಕೆ ಕೊಟ್ಟು ಬಾಯಿಯ ಮೂಲಕ ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡಬೇಕು, ಏನಾದರೂ ಸಿಕ್ಕಿದ್ದರೆ ತೆಗೆಯಬೇಕು ಎಂದರು. ಒಂದು ಕಾಗದ ಬಂತು. ಎಲ್ಲವೂ ಇಂಗ್ಲಿಷಿನಲ್ಲಿತ್ತು. ಮಗುವಿನ ತಂದೆ, ತೋಟದ ಕೆಲಸ ಮಾಡುವ ಮನುಷ್ಯ, ಪೆನ್ನು ಹಿಡಿದು ಬಹಳ ಹೊತ್ತು ಹಾಗೇ ಕುಳಿತ. ಆಮೇಲೆ ನನ್ನತ್ತ ತಿರುಗಿ ಕೇಳಿದ: “ಸಾಬ್ರೇ, ಇದಕ್ಕೆ ಸಹಿ ಹಾಕಿ ಮಗೂಗೆ ಏನಾದ್ರೂ ಆದ್ರೆ ನಾನೇ ಮಾಡಿದ ಹಾಗಾಗ್ತದಲ್ಲ ಮಾರಾಯ್ರೆ? ಹಾಕದಿದ್ರೆ ದೇವರು ಮಾಡಿದ ಹಾಗೆ.”

ಆ ಹೊತ್ತಿನಲ್ಲಿ ನಾನು ಏನೋ ಧೈರ್ಯದ ಮಾತು ಹೇಳಿದೆ. ಆದರೆ ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅದು ಅವನೊಬ್ಬನ ಪ್ರಶ್ನೆಯೂ ಅಲ್ಲ. ತನ್ನ ಪರವಾಗಿ ತಾನೇ ಮಾತಾಡಲಾಗದ ಒಂದು ಜೀವದ ಪರವಾಗಿ ಅಪಾಯವನ್ನು ಒಪ್ಪಿಕೊಳ್ಳುವ ಹಕ್ಕು ನಮಗೆ ಎಲ್ಲಿಂದ ಬಂತು? ಮಾಡಿದ್ದರಿಂದ ಆಗುವ ಕೇಡಿಗೂ ಮಾಡದೆ ಬಿಟ್ಟದ್ದರಿಂದ ಆಗುವ ಕೇಡಿಗೂ ನೀತಿಯ ತಕ್ಕಡಿಯಲ್ಲಿ ವ್ಯತ್ಯಾಸವಿದೆಯೇ?

ಇದಕ್ಕೆ ಉತ್ತರ ಹುಡುಕುವ ಮೊದಲು ಆ ಅಪಾಯ ಎಂಥದ್ದು ಎಂದು ತಿಳಿಯಬೇಕು. ತಿಳಿಯದೆ ಹೆದರುವುದೂ ತಪ್ಪು, ತಿಳಿಯದೆ ಧೈರ್ಯ ಹೇಳುವುದೂ ತಪ್ಪು.

ಕವಲೇದುರ್ಗ ಎಂಬ ಹೆಸರು ‘ಕಾವಲು’ ಎಂಬುದರಿಂದ ಬಂತು ಎನ್ನುವವರಿದ್ದಾರೆ. ಕೆಳದಿ ಅರಸರ ಆ ಕೋಟೆಯಲ್ಲಿ ಒಂದರ ಒಳಗೊಂದು ಸುತ್ತುಗೋಡೆಗಳು, ಒಂದೊಂದು ಬಾಗಿಲಿಗೂ ಕಾವಲಿನವರ ಕೋಣೆಗಳು. ನಮ್ಮ ಗಂಟಲಿಗೂ ಅಂಥ ಕಾವಲುಗಳಿವೆ. ನುಂಗುವಾಗ ಶ್ವಾಸನಾಳದ ಬಾಗಿಲು ಮುಚ್ಚಿಕೊಳ್ಳುತ್ತದೆ. ತಪ್ಪಿ ಏನಾದರೂ ಒಳನುಸುಳಿದರೆ ಕೆಮ್ಮು ಅದನ್ನು ಹೊರಗೆಸೆಯುತ್ತದೆ. ಆದರೆ ಒಂದರಿಂದ ಮೂರು ವರ್ಷದ ಮಕ್ಕಳಲ್ಲಿ ಈ ಕಾವಲು ಇನ್ನೂ ಬಲಿತಿರುವುದಿಲ್ಲ. ಗಟ್ಟಿ ಕಾಳನ್ನು ಅರೆಯುವ ದವಡೆ ಹಲ್ಲುಗಳು ಪೂರ್ತಿ ಬಂದಿರುವುದಿಲ್ಲ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು ಅದು. ನಗುತ್ತ, ಅಳುತ್ತ, ಓಡುತ್ತ ತಿನ್ನುವಾಗ ಒಂದು ಕಡಲೆಬೀಜ, ಒಂದು ಅಡಿಕೆ ಚೂರು ಗಾಳಿಯೊಂದಿಗೆ ಒಳಗೆ ಹೋಗಿ, ಶ್ವಾಸನಾಳ ಎರಡಾಗಿ ಕವಲೊಡೆದ ಮೇಲೆ ಯಾವುದೋ ಒಂದು ಬದಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಅನಂತರ ಬರುವ ಮೌನವೇ ಮೋಸ. ಮೊದಲ ಕೆಮ್ಮು ನಿಂತ ಮೇಲೆ ಮಗು ಆರಾಮವಾಗಿರುವಂತೆ ಕಾಣುತ್ತದೆ. ಒಳಗೆ ಕಾಳು ತೇವ ಹೀರಿ ಉಬ್ಬುತ್ತದೆ, ಅದರ ಎಣ್ಣೆ ನಾಳದ ಒಳಪದರವನ್ನು ಕೆರಳಿಸುತ್ತದೆ. ಕೆಲವೊಮ್ಮೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ದಿನ ಕಳೆದಂತೆ ಕೀವು, ನ್ಯುಮೋನಿಯಾ, ಕೊನೆಗೆ ಶ್ವಾಸಕೋಶದ ಆ ಭಾಗವೇ ಹಾಳಾಗುವುದೂ ಉಂಟು. ಇನ್ನೊಂದೆಡೆ, ಕೆಮ್ಮಿದಾಗ ಆ ಚೂರು ಜಾಗ ಬದಲಿಸಿ ಮೇಲಕ್ಕೆ ಬಂದು ಇಡೀ ಶ್ವಾಸನಾಳವನ್ನೇ ಮುಚ್ಚಿಬಿಡುವ ಭಯ ಯಾವತ್ತೂ ಇದ್ದೇ ಇರುತ್ತದೆ.

ಇಂಥ ವಸ್ತುವನ್ನು ಕೊಳವೆಯ ಮೂಲಕ ಮೊದಲು ತೆಗೆದವರು ಜರ್ಮನಿಯ ಫ್ರೈಬರ್ಗ್‌ನ ಗುಸ್ತಾವ್ ಕಿಲಿಯನ್. 1897ರಲ್ಲಿ ಒಬ್ಬ ರೈತನ ಶ್ವಾಸನಾಳದಿಂದ ಅವರು ಮೂಳೆಯ ಚೂರೊಂದನ್ನು ಹೊರತೆಗೆದರು. ಅಮೆರಿಕದ ಫಿಲಡೆಲ್ಫಿಯಾದ ಶೆವಲಿಯರ್ ಜಾಕ್ಸನ್ ಅದನ್ನು ಒಂದು ಶಾಸ್ತ್ರವನ್ನಾಗಿ ಬೆಳೆಸಿದರು. ರೋಗಿಗಳ ಗಂಟಲು, ಎದೆಗಳಿಂದ ಹೊರತೆಗೆದ ಎರಡು ಸಾವಿರಕ್ಕೂ ಮಿಕ್ಕಿದ ವಸ್ತುಗಳ ಅವರ ಸಂಗ್ರಹ ಈಗಲೂ ಆ ಊರಿನ ಮ್ಯೂಟರ್ ಮ್ಯೂಸಿಯಂನಲ್ಲಿದೆ. 1960ರ ದಶಕದಲ್ಲಿ ಜಪಾನಿನ ಶಿಗೆತೊ ಇಕೆದಾ ಬಾಗುವ ಕೊಳವೆಯನ್ನು ತಂದರು. ಇಂದು ವಾಸಿಯಾಗದ ನ್ಯುಮೋನಿಯಾ, ಉಸಿರಾಡುವಾಗಿನ ವಿಚಿತ್ರ ಸದ್ದು ಮುಂತಾದವುಗಳ ಕಾರಣ ಹುಡುಕಲು ಬಾಗುವ ಕೊಳವೆಯನ್ನೂ, ಸಿಕ್ಕಿಕೊಂಡದ್ದನ್ನು ತೆಗೆಯಲು ಸಾಮಾನ್ಯವಾಗಿ ಗಟ್ಟಿ ಕೊಳವೆಯನ್ನೂ ಬಳಸುತ್ತಾರೆ.

ಮಕ್ಕಳಲ್ಲಿ ಇದು ಏಕೆ ಕಷ್ಟ? ಉಸಿರಾಡುವ ದಾರಿಯಲ್ಲೇ ಕೆಲಸ ಮಾಡಬೇಕು. ವೈದ್ಯರಿಗೂ ಮಗುವಿನ ಉಸಿರಿಗೂ ಇರುವುದು ಒಂದೇ ಓಣಿ. ಆ ಓಣಿ ಬಹಳ ಕಿರಿದು. ನಾಲ್ಕು ಮಿಲಿಮೀಟರ್ ಅಗಲದ ದಾರಿಯ ಸುತ್ತಲೂ ಒಂದೇ ಒಂದು ಮಿಲಿಮೀಟರ್ ಬಾವು ಬಂದರೂ ಉಳಿಯುವ ಜಾಗ ಕಾಲು ಭಾಗ ಮಾತ್ರ. ಆದ್ದರಿಂದಲೇ ಆಮ್ಲಜನಕ ಇಳಿಯುವುದು, ಗಂಟಲು ಬಿಗಿದುಕೊಳ್ಳುವುದು, ಅನಂತರ ಬಾವು ಬರುವುದು, ಹೃದಯದ ಬಡಿತ ನಿಧಾನವಾಗುವುದು, ಅಪರೂಪಕ್ಕೆ ರಕ್ತಸ್ರಾವ ಅಥವಾ ಶ್ವಾಸಕೋಶದ ಸುತ್ತ ಗಾಳಿ ತುಂಬುವುದು ಇವೆಲ್ಲ ಆಗಬಹುದಾದ ತೊಂದರೆಗಳು.

ಅಂಕಿಗಳು ಹೀಗಿವೆ. ಪ್ಯಾರಿಸ್‌ನ ವೈದ್ಯರು 1,328 ಮಕ್ಕಳ ಬ್ರಾಂಕೋಸ್ಕೋಪಿಗಳನ್ನು ಗಮನಿಸಿ 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬಾಗುವ ಕೊಳವೆಯ ಪರೀಕ್ಷೆಯಲ್ಲಿ ಶೇ. 6.9ರಷ್ಟು ಸಲ ಏನಾದರೊಂದು ತೊಂದರೆ ಕಂಡಿತ್ತು. ಅವುಗಳಲ್ಲಿ ಹೆಚ್ಚಿನವು ಸಣ್ಣವು. ಗಂಭೀರವಾದವು ಶೇ. 1.7. ಶ್ವಾಸನಾಳದಲ್ಲಿ ವಸ್ತು ಸಿಕ್ಕಿಕೊಂಡ ಸುಮಾರು ಹದಿಮೂರು ಸಾವಿರ ಮಕ್ಕಳ ವರದಿಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ಅಧ್ಯಯನ, ಬ್ರಾಂಕೋಸ್ಕೋಪಿಯ ವೇಳೆಯ ಸಾವು ಶೇ. 0.42 ಎಂದು ಹೇಳಿತು. ಅದೇ ಅಧ್ಯಯನದ ಇನ್ನೊಂದು ಮಾತನ್ನೂ ನೆನಪಿಡಬೇಕು: ನೂರರಲ್ಲಿ ಹದಿನೇಳು ಮಕ್ಕಳ ಎಕ್ಸ್‌ರೇ ಸರಿಯಾಗಿಯೇ ಇತ್ತು. ಎಕ್ಸ್‌ರೇ ಚೆನ್ನಾಗಿದೆ ಎಂದರೆ ಎದೆ ಚೆನ್ನಾಗಿದೆ ಎಂದಲ್ಲ.

ಶೇ. 0.42 ಎಂದರೆ ಸಾವಿರಕ್ಕೆ ನಾಲ್ಕು. ಸಾವಿರದಲ್ಲಿ ಒಂಬೈನೂರ ತೊಂಬತ್ತಾರು ಮಕ್ಕಳು ಬದುಕಿ ಬರುತ್ತವೆ ಎಂದು ವೈದ್ಯರು ಹೇಳುತ್ತಾರೆ. ಅದು ಸತ್ಯ. ಆದರೆ ತಂದೆಯ ಬಳಿ ಸಾವಿರ ಮಕ್ಕಳಿಲ್ಲ. ಅವನಿಗಿರುವುದು ಒಂದೇ. ಅಂಕಿ ಸಮೂಹಕ್ಕೆ ಸೇರಿದ್ದು, ಭಯ ಒಬ್ಬನಿಗೆ ಸೇರಿದ್ದು. ಹಾಗೆಂದು ಅಂಕಿ ನಿರರ್ಥಕವಲ್ಲ. ಅದು ಈ ಮಗುವಿಗೆ ಏನಾಗುತ್ತದೆ ಎಂದು ಹೇಳಲಾರದು. ಯಾವ ದಾರಿ ಹೆಚ್ಚು ಭದ್ರ ಎಂದು ಮಾತ್ರ ಹೇಳಬಲ್ಲದು. ಮನುಷ್ಯನಿಗೆ ಭವಿಷ್ಯ ತಿಳಿದಿಲ್ಲವಾದ್ದರಿಂದ ಅಷ್ಟನ್ನೇ ಅವಲಂಬಿಸಿ ನಡೆಯಬೇಕಾಗುತ್ತದೆ.

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಸಹಿ ಹಾಕಿದರೆ ನಾನು ಮಾಡಿದ ಹಾಗೆ, ಹಾಕದಿದ್ದರೆ ದೇವರು ಮಾಡಿದ ಹಾಗೆ. ಈ ತರ್ಕ ನಮ್ಮೆಲ್ಲರ ಎದೆಯಲ್ಲೂ ಇದೆ. ಕೈಯಾರೆ ಮಾಡಿದ್ದು ಮನಸ್ಸನ್ನು ಕುಟುಕುತ್ತದೆ. ಸುಮ್ಮನಿದ್ದುದರಿಂದ ಆದದ್ದನ್ನು ಹಣೆಬರಹದ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಆದರೆ ವಿಷಯ ತಿಳಿದ ಮೇಲೆ ಸುಮ್ಮನಿರುವುದೂ ಒಂದು ತೀರ್ಮಾನವೇ ಅಲ್ಲವೇ? ಬಾವಿಗೆ ಬಿದ್ದ ಮಗುವನ್ನು ನೋಡುತ್ತ ನಿಂತವನು ‘ನಾನು ತಳ್ಳಲಿಲ್ಲ’ ಎಂದರೆ ಅದು ಸತ್ಯವಿರಬಹುದು, ಸಮರ್ಥನೆಯಾಗದು. ಹಗ್ಗ ಇಳಿಬಿಟ್ಟು, ಮೇಲೆತ್ತುವಾಗ ಹಗ್ಗ ಹರಿದರೆ ಅವನನ್ನು ಯಾರೂ ಕೊಲೆಗಾರ ಎನ್ನುವುದಿಲ್ಲ. ಹಗ್ಗ ಗಟ್ಟಿಯಿದೆಯೇ ಎಂದು ಅವನು ನೋಡಿದ್ದನೇ ಎಂದಷ್ಟೇ ಕೇಳುತ್ತೇವೆ.

ಏಳನೇ ಶತಮಾನದಲ್ಲಿ ಸಿರಿಯಾದಲ್ಲಿ ಪ್ಲೇಗ್ ಹರಡಿದಾಗ ಅಲ್ಲಿಗೆ ಹೊರಟಿದ್ದ ಖಲೀಫ ಉಮರ್(ರ) ಅರ್ಧ ದಾರಿಯಿಂದ ಹಿಂದಿರುಗಲು ನಿರ್ಧರಿಸಿದರು. ಸೇನಾಪತಿ ಅಬೂ ಉಬೈದಾ(ರ) ಅವರಿಗೆ ಇದು ದೈವವಿಧಿಯಿಂದ ಓಡಿಹೋಗುವಂತೆ ಕಂಡಿತು. ಉಮರ್ ಕೊಟ್ಟ ಉತ್ತರದ ಸಾರವಿಷ್ಟು: ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇನೆ, ಎರಡೂ ಅವನದೇ. ಕಾಯಿಲೆ ದೈವೇಚ್ಛೆಯಾದರೆ ಔಷಧಿಯೂ, ವೈದ್ಯನ ಕೈಯೂ ಅದರ ಹೊರಗಿನವಲ್ಲ. ದೇವರ ಹೆಸರನ್ನು ನಮ್ಮ ಹಿಂಜರಿಕೆಯ ಮೇಲೆ ಹೊದಿಸುವುದು ಭಕ್ತಿಯಲ್ಲ.

ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಸುಮ್ಮನಿರುವುದು ತಪ್ಪು ಎಂದ ಮಾತ್ರಕ್ಕೆ ವೈದ್ಯರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕು ಎಂದಾಗುವುದಿಲ್ಲ. ಕೊಳವೆ ಇಳಿಸಿದಾಗ ಏನೂ ಸಿಗದ ಮಕ್ಕಳೂ ಇವೆ. ಹಾಗೆ ಸಿಗದಿದ್ದರೆ ಮಗುವನ್ನು ಸುಮ್ಮನೆ ಅಪಾಯಕ್ಕೆ ಒಡ್ಡಿದಂತಾಯಿತೇ? ತಿನ್ನುವಾಗ ಕೆಮ್ಮು ಹತ್ತಿದ್ದನ್ನು ಯಾರೋ ಕಣ್ಣಾರೆ ಕಂಡಿದ್ದಾರೆ, ಒಂದು ಬದಿಯ ಉಸಿರು ಕುಗ್ಗಿದೆ, ಕೆಮ್ಮು ಬಿಡುತ್ತಿಲ್ಲ ಎಂದಾದರೆ ಏನೂ ಸಿಗದಿದ್ದರೂ ಆ ಹುಡುಕಾಟ ನ್ಯಾಯವಾದದ್ದೇ. ತೀರ್ಮಾನವನ್ನು ಅಳೆಯಬೇಕಾದದ್ದು ಅದನ್ನು ತೆಗೆದುಕೊಂಡ ಹೊತ್ತಿನಲ್ಲಿ ತಿಳಿದಿದ್ದ ಸಂಗತಿಗಳಿಂದ, ಆಮೇಲೆ ಬಂದ ಫಲದಿಂದಲ್ಲ. ಅದೇ, ಸಂಶಯ ತೀರ ದುರ್ಬಲವಾಗಿದ್ದು ಮಗು ಲವಲವಿಕೆಯಿಂದಿದ್ದರೆ, ಸಿ.ಟಿ. ಸ್ಕ್ಯಾನ್ ಮಾಡಿಸಿಯೋ ಎರಡು ದಿನ ಆಸ್ಪತ್ರೆಯ ಕಣ್ಗಾವಲಿನಲ್ಲಿಟ್ಟೋ ನೋಡುವುದು ವಿವೇಕವಾಗಬಹುದು. ಆ ಕಾಯುವಿಕೆಗೂ ಕಾರಣವಿರಬೇಕು, ಗಡುವಿರಬೇಕು. ಕಾರಣವಿಲ್ಲದ ಅವಸರವೂ ಗಡುವಿಲ್ಲದ ಕಾಯುವಿಕೆಯೂ ಮಗುವಿಗೆ ಸಮಾನ ಶತ್ರುಗಳು.

ತಂದೆತಾಯಿಗೆ ಈ ಹಕ್ಕು ಎಲ್ಲಿಂದ ಬಂತು? ಮಗು ಅವರ ಸೊತ್ತು ಎಂಬ ಕಾರಣದಿಂದ ಬಂದದ್ದಲ್ಲ. ನಮ್ಮಲ್ಲಿ ‘ಅಮಾನತ್’ ಎಂಬ ಮಾತಿದೆ. ಕಾಪಾಡಲೆಂದು ಒಪ್ಪಿಸಲಾದ ವಸ್ತು ಎಂದು ಅದರ ಅರ್ಥ. ಅಮಾನತ್ ಇಟ್ಟುಕೊಂಡವನು ಅದನ್ನು ಜೂಜಿಗೆ ಒಡ್ಡುವಂತಿಲ್ಲ. ಹಾಗೆಯೇ ಮನೆಗೆ ಬೆಂಕಿ ಬಿದ್ದಾಗ ‘ಮುಟ್ಟಿದರೆ ಒಡೆದೀತು’ ಎಂದು ಅದನ್ನು ಬೆಂಕಿಯಲ್ಲೇ ಬಿಡುವಂತಿಲ್ಲ. ನಮ್ಮ ಕಾನೂನೂ ಇದೇ ದಾರಿಯಲ್ಲಿದೆ. ಹಿಂದೆ ಭಾರತೀಯ ದಂಡ ಸಂಹಿತೆಯ 89ನೇ ಸೆಕ್ಷನ್ ಆಗಿದ್ದದ್ದು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 27ನೇ ಸೆಕ್ಷನ್ ಆಗಿದೆ. ಹನ್ನೆರಡು ವರ್ಷದೊಳಗಿನ ಮಗುವಿನ ಹಿತಕ್ಕಾಗಿ, ಪೋಷಕರ ಒಪ್ಪಿಗೆಯಿಂದ, ಸದುದ್ದೇಶದಿಂದ ಮಾಡಿದ ಕೆಲಸದಲ್ಲಿ ಹಾನಿಯಾದರೂ ಅದು ಅಪರಾಧವಲ್ಲ ಎನ್ನುತ್ತದೆ ಅದು. ಮಗುವಿನ ಹಿತ, ಸದುದ್ದೇಶ ಎಂಬ ಎರಡು ಮಾತುಗಳಲ್ಲಿ ಪೋಷಕರ ಅಧಿಕಾರವೂ ಇದೆ, ಅದರ ಮೇರೆಯೂ ಇದೆ.

ಇನ್ನು ವೈದ್ಯರ ಪಾಲು. ಸಹಿ ಮಾಡಿಸಿಕೊಳ್ಳುವುದು ಬೇರೆ, ಒಪ್ಪಿಗೆ ಪಡೆಯುವುದು ಬೇರೆ. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಚಿಕಿತ್ಸೆ ಯಾವುದು, ಏಕೆ, ಬೇರೆ ದಾರಿಗಳೇನು, ಮುಖ್ಯವಾದ ಅಪಾಯಗಳೇನು, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು. ತೀರ ದೂರದ, ಪುಸ್ತಕದಲ್ಲಷ್ಟೇ ಇರುವ ಅಪಾಯಗಳನ್ನು ಹೇಳಿ ರೋಗಿಯನ್ನು ಹೆದರಿಸಿ ಅಗತ್ಯ ಚಿಕಿತ್ಸೆಯಿಂದ ದೂರ ಮಾಡಬೇಕಿಲ್ಲ ಎಂದೂ, ಅದೇ ರೀತಿ ಚಿಕಿತ್ಸೆ ಬೇಡವೆಂದರೆ ಆಗಬಹುದಾದ ಅಂಥದೇ ದೂರದ ಅಪಾಯಗಳನ್ನು ಹೇಳಿ ಅನಗತ್ಯ ಚಿಕಿತ್ಸೆಗೆ ಒಪ್ಪಿಸಬೇಕಿಲ್ಲ ಎಂದೂ ನ್ಯಾಯಾಲಯ ಹೇಳಿತು. ಹಾಗಾದರೆ ಸಾವಿರಕ್ಕೆ ನಾಲ್ಕು ಎಂಬುದು ದೂರದ ಅಪಾಯವೇ? ನನಗೆ ಹಾಗೆ ಅನಿಸುವುದಿಲ್ಲ. ಅದನ್ನು ಹೇಳಲೇಬೇಕು. ಆದರೆ ಕಾಯುವುದರ ಅಪಾಯವನ್ನೂ ಅದರ ಪಕ್ಕದಲ್ಲೇ ಇಟ್ಟು ಹೇಳಬೇಕು. ಒಂದನ್ನೇ ಹೇಳಿದರೆ ಸತ್ಯ ಹೇಳಿಯೂ ದಾರಿ ತಪ್ಪಿಸಿದಂತಾಗುತ್ತದೆ.

ಇಂಗ್ಲಿಷಿನಲ್ಲಿ ಅಚ್ಚಾದ ಕಾಗದವನ್ನು ಕನ್ನಡ ಮಾತ್ರ ಓದಬಲ್ಲ ತಂದೆಯ ಮುಂದೆ ಹಿಡಿದು, ‘ಇಲ್ಲಿ ಸಹಿ ಹಾಕಿ’ ಎನ್ನುವುದು ಅವನ ಹೆಗಲ ಮೇಲೆ ಹೊರೆ ಹೊರಿಸಿ ಅದರಲ್ಲೇನಿದೆ ಎಂದು ಹೇಳದಿರುವುದಕ್ಕೆ ಸಮ. ನಾನು ನೋಡಿದ ಸಂದರ್ಭದಲ್ಲಿ ಒಬ್ಬ ಕಿರಿಯ ವೈದ್ಯೆ ಬಂದು ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಕುಳಿತರು. ಕಾಗದದ ಹಿಂಬದಿಯಲ್ಲಿ ತಲೆಕೆಳಗಾದ ‘ವೈ’ ಅಕ್ಷರದಂತೆ ಶ್ವಾಸನಾಳದ ಚಿತ್ರ ಬರೆದು, ಚೂರು ಎಲ್ಲಿರಬಹುದು, ಹೇಗೆ ತೆಗೆಯುತ್ತಾರೆ, ಏನು ಹೆಚ್ಚುಕಡಿಮೆ ಆಗಬಹುದು ಎಂದು ಹತ್ತು ನಿಮಿಷ ಹೇಳಿದರು. “ನಿಮ್ಮ ಜಾಗದಲ್ಲಿ ನಾನಿದ್ದರೂ ಮಾಡಿಸುತ್ತಿದ್ದೆ” ಎಂದರು. ಅವನು ಸಹಿ ಹಾಕಿದ. ಅಪಾಯ ಮೊದಲಿನಷ್ಟೇ ಇತ್ತು. ಆದರೆ ಅದನ್ನು ಅವನು ಒಬ್ಬನೇ ಹೊರಬೇಕಾಗಿರಲಿಲ್ಲ.

ಪೋಷಕರು ಕೇಳಬೇಕಾದ ಪ್ರಶ್ನೆಗಳೂ ಇವೆ. ಕೇಳುವುದು ಅವಿಶ್ವಾಸವಲ್ಲ. ಸಣ್ಣ ಮಕ್ಕಳಲ್ಲಿ ಇದನ್ನು ಇಲ್ಲಿ ಆಗಾಗ ಮಾಡುತ್ತೀರಾ? ಮಕ್ಕಳಿಗೆ ಅರಿವಳಿಕೆ ಕೊಟ್ಟು ರೂಢಿಯಿರುವ ವೈದ್ಯರು ಇದ್ದಾರೆಯೇ? ಮಗುವಿನ ಅಳತೆಯ ಉಪಕರಣಗಳಿವೆಯೇ? ಕೊಳವೆಯಿಂದ ಬಾರದಿದ್ದರೆ ಮುಂದೇನು? ಆಮೇಲೆ ಒಂದು ರಾತ್ರಿ ನಿಗಾದಲ್ಲಿಡುವ ವ್ಯವಸ್ಥೆಯಿದೆಯೇ? ಎಷ್ಟು ಹೊತ್ತು ಹೊಟ್ಟೆ ಖಾಲಿ ಇರಬೇಕು? ಈ ವಿದ್ಯೆಯಲ್ಲಿ ಸುರಕ್ಷತೆಯ ಬಹುಪಾಲು ಇರುವುದು ಇಂಥ ಸಿದ್ಧತೆಯಲ್ಲಿ, ಶಸ್ತ್ರವೈದ್ಯರೂ ಅರಿವಳಿಕೆ ವೈದ್ಯರೂ ಪರಸ್ಪರ ಮಾತಾಡಿಕೊಂಡು ಕೆಲಸ ಮಾಡುವುದರಲ್ಲಿ.

ಇಲ್ಲಿಯೇ ನ್ಯಾಯದ ಪ್ರಶ್ನೆಯೂ ಬರುತ್ತದೆ. ಪುಸ್ತಕದ ಅಂಕಿ ಎಲ್ಲ ಮಕ್ಕಳಿಗೂ ಒಂದೇ. ಬದುಕಿನಲ್ಲಿ ಹಾಗಿಲ್ಲ. ನಗರದ ಮಗುವಿಗೆ ಅಪಾಯ ಆಪರೇಷನ್ ಕೋಣೆಯಲ್ಲಿ ಆರಂಭವಾಗುತ್ತದೆ. ಕವಲೇದುರ್ಗದ ಮಗುವಿಗೆ ಅದು ಮನೆಯಂಗಳದಲ್ಲೇ ಆರಂಭವಾಗುತ್ತದೆ. ತೀರ್ಥಹಳ್ಳಿಗೆ ಬರಬೇಕು, ಅಲ್ಲಿಂದ ಶಿವಮೊಗ್ಗಕ್ಕೋ, ಆಗುಂಬೆ ಘಟ್ಟದ ಹೇರ್‌ಪಿನ್ ತಿರುವುಗಳನ್ನು ಇಳಿದು ಮಣಿಪಾಲಕ್ಕೋ ಹೋಗಬೇಕು. ಮಳೆಗಾಲದಲ್ಲಿ ಆ ದಾರಿಯೂ ನೆಚ್ಚಿಕೆಯದ್ದಲ್ಲ. 2008ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಬಂದದ್ದು ದೊಡ್ಡ ಉಪಕಾರ. ಆದರೆ ಆಂಬುಲೆನ್ಸ್ ಬರುವುದಕ್ಕೂ ಮೊದಲು ‘ಇದು ಬರೀ ಶೀತವಲ್ಲ’ ಎಂದು ಯಾರಿಗಾದರೂ ಹೊಳೆಯಬೇಕು. ಆ ಹೊಳೆಯುವಿಕೆ ಬಡವರ ಮನೆಗೆ ತಡವಾಗಿ ತಲುಪಿದರೆ ಅದನ್ನು ವಿಧಿ ಎನ್ನಬೇಕೇ, ನಮ್ಮೆಲ್ಲರ ಉಪೇಕ್ಷೆ ಎನ್ನಬೇಕೇ?

ಕೊಳವೆ ಇಳಿಸುವುದರಲ್ಲಿ ಅಷ್ಟು ನಿಪುಣರಾಗಿದ್ದ ಜಾಕ್ಸನ್ ತಮ್ಮ ಬಹಳ ಶ್ರಮವನ್ನು ಸುರಿದದ್ದು ಕೊಳವೆ ಇಳಿಸುವ ಅಗತ್ಯವೇ ಬಾರದಂತೆ ಮಾಡುವುದಕ್ಕೆ. ಮನೆಬಳಕೆಯ ಕ್ಷಾರ ಕುಡಿದು ಗಂಟಲು ಸುಟ್ಟುಕೊಂಡ ಮಕ್ಕಳನ್ನು ಕಂಡು, ಅಂಥ ಡಬ್ಬಿಗಳ ಮೇಲೆ ವಿಷ ಎಂದು ಬರೆಯಲೇಬೇಕೆಂದು ಅವರು ಹೋರಾಡಿದರು. 1927ರಲ್ಲಿ ಅಮೆರಿಕದಲ್ಲಿ ಕಾನೂನೇ ಬಂತು. ಎಲ್ಲಕ್ಕಿಂತ ಸುರಕ್ಷಿತವಾದ ಬ್ರಾಂಕೋಸ್ಕೋಪಿ ಎಂದರೆ ಮಾಡಬೇಕಾಗಿ ಬಾರದ ಬ್ರಾಂಕೋಸ್ಕೋಪಿಯೇ.

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡಿಯ ಕಡಲೆಬೀಜ, ಗೋಡಂಬಿ ಕೊಡಬಾರದು. ಅಡಿಕೆ, ಹುಣಸೆಬೀಜ, ಮಣಿ, ಪೆನ್ನಿನ ಮುಚ್ಚಳ ಕೈಗೆ ಸಿಗಬಾರದು. ಗಡಿಯಾರ, ರಿಮೋಟ್‌ಗಳ ಗುಂಡಿಯಂಥ ಬ್ಯಾಟರಿ ಇನ್ನೂ ಅಪಾಯಕಾರಿ. ಮಗು ಕುಳಿತು ತಿನ್ನಲಿ, ಓಡುತ್ತ ಬೇಡ. ಗಂಟಲಿಗೆ ಸಿಕ್ಕಿಕೊಂಡಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬಾರದು, ಅದು ಇನ್ನೂ ಒಳಕ್ಕೆ ಹೋದೀತು. ಸದ್ದೇ ಹೊರಡದೆ ಉಸಿರು ಕಟ್ಟಿದರೆ ಮುಂದಕ್ಕೆ ಬಾಗಿಸಿ ಹೆಗಲ ಮೂಳೆಗಳ ನಡುವೆ ಐದು ಸಲ ಗಟ್ಟಿಯಾಗಿ ತಟ್ಟಬೇಕು. ಅನಂತರ, ಒಂದು ವರ್ಷದೊಳಗಿನ ಶಿಶುವಾದರೆ ಎದೆಯ ನಡುವೆ ಐದು ಸಲ ಒತ್ತಬೇಕು. ದೊಡ್ಡ ಮಗುವಾದರೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗವನ್ನು ಒಳಕ್ಕೆ, ಮೇಲಕ್ಕೆ ಐದು ಸಲ ಒತ್ತಬೇಕು. ವಸ್ತು ಹೊರಬರುವವರೆಗೆ ಹೀಗೆಯೇ ಮುಂದುವರಿಸಬೇಕು. ಮಗು ಪ್ರಜ್ಞೆ ತಪ್ಪಿದರೆ ತಡಮಾಡದೆ ಎದೆ ಒತ್ತುತ್ತ ಉಸಿರು ಕೊಡಬೇಕು, 108ಕ್ಕೆ ಕರೆ ಮಾಡಿಸಬೇಕು. ಕೆಮ್ಮು ನಿಂತಿತೆಂದು ಮರೆಯದೆ ಆ ದಿನವೇ ವೈದ್ಯರಿಗೆ ತೋರಿಸಿ, ‘ತಿನ್ನುವಾಗ ಕೆಮ್ಮಿತ್ತು’ ಎಂಬ ಮಾತನ್ನು ಹೇಳಲೇಬೇಕು. ಎಷ್ಟೋ ಸಲ ಯಂತ್ರಗಳು ಹೇಳಲಾರದ್ದನ್ನು ಅಜ್ಜಿಯ ಆ ಒಂದು ಮಾತು ಹೇಳುತ್ತದೆ.

ಆದರೆ ಅಜ್ಜಿ ಆ ಮಾತನ್ನು ಹೇಳಬೇಕಾದರೆ ಮನೆಯವರು ಅವರನ್ನು ಅಪರಾಧಿಯಂತೆ ನೋಡಬಾರದು. ಎಷ್ಟೋ ಮನೆಗಳಲ್ಲಿ ಹೆಂಗಸರು ಬೈಗುಳಕ್ಕೆ ಹೆದರಿ ಇಂಥದ್ದನ್ನು ಬಾಯಿಬಿಡುವುದಿಲ್ಲ. ನಾವು ದೋಷ ಹುಡುಕಲು ಹೊರಟರೆ ಸತ್ಯ ಅಡಗಿಕೊಳ್ಳುತ್ತದೆ, ಅದರ ಬೆಲೆ ತೆರುವುದು ಮಗು. ಪಶ್ಚಾತ್ತಾಪ ಒಳ್ಳೆಯದು, ಅದು ನಾಳೆಯನ್ನು ತಿದ್ದುತ್ತದೆ. ದೂಷಣೆಯಿಂದ ಆಗುವುದು ಬಾಯಿ ಮುಚ್ಚಿಸುವುದು ಮಾತ್ರ.

ಆ ರಾತ್ರಿ ಹೊರಬಂದದ್ದು ಉಗುರಿನಷ್ಟು ದೊಡ್ಡ ಒಂದು ಅಡಿಕೆ ಚೂರು. ಆದರೆ ಎಲ್ಲವೂ ಸುಸೂತ್ರವಾಗಿ ಮುಗಿಯಲಿಲ್ಲ. ಗಂಟಲಲ್ಲಿ ಬಾವು ಬಂದು ಮಗುವನ್ನು ರಾತ್ರಿಯಿಡೀ ಆಮ್ಲಜನಕದಲ್ಲಿಟ್ಟರು. ವೈದ್ಯೆ ಮೊದಲೇ ಹೇಳಿದ್ದರಿಂದ ತಂದೆ ಗಾಬರಿಯಾಗಲಿಲ್ಲ, ಯಾರ ಮೇಲೂ ಕೂಗಾಡಲಿಲ್ಲ. ಗಾಜಿನ ಬಾಗಿಲ ಹೊರಗೆ ಬೆಳಗಾಗುವವರೆಗೆ ನಿಂತೇ ಇದ್ದ. ಮೂರನೆಯ ದಿನ ಮಗುವನ್ನು ಎತ್ತಿಕೊಂಡು ಘಟ್ಟ ಹತ್ತಿದೆವು.

ಒಂದು ವೇಳೆ ಆ ಮಗು ಸಾವಿರದಲ್ಲಿ ಆ ನಾಲ್ವರಲ್ಲಿ ಒಂದಾಗಿದ್ದರೆ? ಈ ಪ್ರಶ್ನೆಯನ್ನು ನಾನು ತಪ್ಪಿಸಿಕೊಳ್ಳಲಾರೆ. ಆಗಲೂ ಅವನ ಸಹಿ ಸರಿಯಾದದ್ದೇ ಆಗಿರುತ್ತಿತ್ತು. ದುಃಖ ಅವನದಾಗಿರುತ್ತಿತ್ತು, ಪಾಪವಲ್ಲ. ಈ ಎರಡರ ನಡುವಿನ ಅಂತರವನ್ನು ಇಂಥ ತಂದೆತಾಯಿಗೆ ತಿಳಿಸಿಕೊಡುವುದು, ಫಲ ಏನೇ ಆದರೂ ಅವರ ಪಕ್ಕದಲ್ಲಿ ನಿಲ್ಲುವುದು ವೈದ್ಯರೊಬ್ಬರ ಕೆಲಸವಲ್ಲ. ಅದು ನೆರೆಹೊರೆಯವರಾದ ನಮ್ಮೆಲ್ಲರ ಕೆಲಸ. ಸಹಿ ಒಬ್ಬನದೇ ಇರಬಹುದು, ಅದರ ಭಾರ ಒಬ್ಬನದೇ ಆಗಬಾರದು.